ಶೀಸೆಯ ಮೇಲಿನ ಐದು ಚೀಟಿ

"ನೀರು ಜಾಸ್ತಿ ಕಾದಿರಬಾರದು ಕಣೋ. ಶೀಸೆ ಸೀಳ್ಬಿಡ್ತದೆ," ಎಂದ ಅಜ್ಜಯ್ಯ.

ಸಹಾಯ ಮಾಡುವ ಮನಸ್ಸು ಅವನಿಗೆ ಸುತರಾಂ ಇರಲಿಲ್ಲ. ಆದರೆ ನಲವತ್ತು ವರ್ಷ ಕಂಪೌಂಡರ್ ಆಗಿದ್ದವನು ಶೀಸೆಯೊಂದು ಬಿಸಿನೀರಿಗೆ ಬೀಳುವುದನ್ನು ಕಂಡು ಬಾಯಿ ಮುಚ್ಚಿಕೊಂಡಿರುವುದಾದರೂ ಹೇಗೆ?

ಪಂಚಾಕ್ಷರಪ್ಪ ಬೋಗುಣಿಯಲ್ಲಿ ಬೆರಳದ್ದಿ ನೋಡಿದ. ಎಳೆಗೂಸಿಗೆ ಎರೆಯುವಷ್ಟು ಹದವಾಗಿತ್ತು. ಕೈಚೀಲದಿಂದ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಶೀಸೆಯನ್ನು ತೆಗೆದು ಮೆಲ್ಲಗೆ ನೀರಿಗಿಳಿಸಿದ. ಹರಳೆಣ್ಣೆಯ ಜಿಡ್ಡು ನೀರಿನ ಮೇಲೆ ಹರಡಿಕೊಂಡಿತು.

ಅಂದು ಶನಿವಾರ, ಐವತ್ತೊಂಬತ್ತನೇ ಇಸವಿಯ ನವೆಂಬರ್ ಏಳು. ತರೀಕೆರೆಯ ಅಜ್ಜಯ್ಯನ ಮನೆಯ ಜಗಲಿಯ ಮೇಲೆ ಮೂರು ಗಂಟೆಯ ಬಿಸಿಲು ಮಲಗಿತ್ತು. ಕೈಯಲ್ಲಿ ಇದ್ದದ್ದು ಇನ್ನು ಎರಡೇ ದಿನ, ಅದರಲ್ಲೂ ಒಂದು ಭಾನುವಾರ.

ಎಮ್ಮೆದೊಡ್ಡಿಯ ದ್ಯಾಮಮ್ಮನಿಗೆ ಎರಡೂ ಕಣ್ಣು ಹೋಗಿ ಸೋಮವಾರಕ್ಕೆ ವರ್ಷ ತುಂಬುತ್ತಿತ್ತು. ಅಂದು ಸಂಜೆಯೊಳಗೆ ಕಡೂರಿನ ಕೋರ್ಟಿನಲ್ಲಿ ದಾವೆ ಹೂಡದಿದ್ದರೆ ಅವಧಿ ಮುಗಿದ ಹಾಗೆ, ಆಮೇಲೆ ಅವಳ ಮಾತನ್ನು ಕೇಳುವವರು ಯಾರೂ ಇಲ್ಲ ಎಂದು ವಕೀಲ ಬಸವರಾಜಪ್ಪನವರು ಖಡಾಖಂಡಿತವಾಗಿ ಹೇಳಿದ್ದರು. ಕಡೂರು ಠಾಣೆಯಲ್ಲಿ ಜಮಾದಾರನಾಗಿ ರಿಟೈರಾದ ಮೇಲೆ, ಅದೇ ವಕೀಲರಿಗಾಗಿ ಊರೂರು ಅಲೆದು ಸಾಕ್ಷಿ ಹುಡುಕಿಕೊಡುವುದು ಪಂಚಾಕ್ಷರಪ್ಪನ ಕಸುಬಾಗಿತ್ತು. ಇಷ್ಟು ದಿನ ದನ ಕದ್ದವರು, ಗಡಿಕಲ್ಲು ಕಿತ್ತವರು ಸಿಕ್ಕಿದ್ದರು. ಈ ಸಲ ಎದುರಿಗೆ ನಿಂತವರು ಅಜ್ಜಂಪುರದ ಡಾಕ್ಟರ್ ಮಲ್ಲಿಕಾರ್ಜುನಪ್ಪನವರು, ಅಜ್ಜಯ್ಯ ನಲವತ್ತು ವರ್ಷ ಯಾರ ಕೈಕೆಳಗೆ ದುಡಿದಿದ್ದನೋ ಅವರು.

ವಕೀಲರ ನೋಟೀಸಿಗೆ ಡಾಕ್ಟರ ಕಡೆಯವರ ಜವಾಬು ಚುಟುಕಾಗಿತ್ತು. ಆಕೆ ಬಂದದ್ದು ಒಂದೇ ಸಲ, ಹೋದ ವರ್ಷದ ದೀಪಾವಳಿ ಹೊತ್ತಿಗೆ. ಅಷ್ಟರಲ್ಲಿ ಕಣ್ಣು ಕೈಮೀರಿತ್ತು. ತಡ ಮಾಡಿದವಳು ಅವಳೇ. ಆ ವರ್ಷದ ರಿಜಿಸ್ಟರು ಎಲ್ಲಿ ಎಂದರೆ, ಗೆದ್ದಲು ತಿಂದಿದೆ.

ದ್ಯಾಮಮ್ಮ ಹೇಳುತ್ತಿದ್ದದ್ದೂ ಒಂದೇ ಮಾತು. "ಐದು ಸಲ ಹೋಗಿದ್ದೀನಿ ಕಣಣ್ಣ. ಹೋದಾಗೆಲ್ಲ ದೀಪದ ಸುತ್ತ ಬಣ್ಣದ ಬಳೆ ಕಾಣ್ತದೆ, ತಲೆ ಸಿಡೀತದೆ ಅಂತ ಹೇಳಿದ್ದೀನಿ. ಪೊರೆ, ಇನ್ನೂ ಹಣ್ಣಾಗಿಲ್ಲ, ಕಾಯಿ ಅಂದ್ರು. ಕಾಯ್ದೆ. ಈಗ ಊರೆಲ್ಲ ನಾನೇ ಉದಾಸೀನ ಮಾಡ್ದೆ ಅಂತದೆ. ಐದು ಸಲ ಹೋಗಿದ್ಳು ಅಂತ ಒಬ್ರಾದ್ರೂ ಹೇಳ್ಲಿ, ಸಾಕು."

ಅವಳ ಗಂಡ ಚಿಕ್ಕಬೀರಪ್ಪ ಸರ್ಕಾರಿ ಹುಲ್ಲುಗಾವಲಾದ ಕಾವಲಿನಲ್ಲಿ ದನ ಕಾಯುವವನು. ಹೊತ್ತು ಮುಳುಗುವಾಗ ಅಮೃತಮಹಲ್ ದನಗಳ ಹಿಂಡು ಒಂದು ಫರ್ಲಾಂಗ್ ದೂರದಲ್ಲಿರುವಾಗಲೇ, ಕೊಂಬಿನ ಬಾಗು ನೋಡಿ ಯಾವ ಹಸು ಹಿಂದುಳಿಯಿತು ಎಂದು ಹೇಳುತ್ತಿದ್ದವಳು ದ್ಯಾಮಮ್ಮ. ಈಗ ಅದೇ ಹಿಂಡು ಬಂದರೆ ಗೋಡೆ ಹಿಡಿದುಕೊಂಡು ನಿಲ್ಲುತ್ತಾಳೆ. ಅದನ್ನು ಕಂಡು ಬಂದ ರಾತ್ರಿ ಪಂಚಾಕ್ಷರಪ್ಪನಿಗೆ ಊಟ ಸೇರಿರಲಿಲ್ಲ.

ಮೊನ್ನೆ ಅವಳ ಮನೆಯ ಗೂಡಿನಲ್ಲಿ ಈ ಶೀಸೆ ಸಿಕ್ಕಿತ್ತು. ಕಾಗದ ಅಂಟಿಸಿದ್ದ ಕಡೆ ಅದರ ಹೊಟ್ಟೆ ಬೆರಳಿಗೆ ತಾಗುವಷ್ಟು ಉಬ್ಬಿಕೊಂಡಿತ್ತು.

"ಕೀಳಬೇಡ ಕಣಣ್ಣ ಅದನ್ನ," ಎಂದಿದ್ದಳು ದ್ಯಾಮಮ್ಮ, ಅವನ ಉಗುರಿನ ಸದ್ದಿಗೇ. "ಕೈಗುಣದ ಡಾಕ್ಟ್ರು ಅಂಟಿಸಿದ್ದು. ಕಿತ್ತರೆ ಔಷಧಿ ಹತ್ತಲ್ಲ."

ಆಗಿನ ಕಾಲದ ರೋಗಿಗಳು ಮನೆಯಿಂದಲೇ ಶೀಸೆ ತರಬೇಕಿತ್ತು. ಕಂಪೌಂಡರ್ ಅದಕ್ಕೆ ಔಷಧಿ ತುಂಬಿ, ಒಂದು ಹೊತ್ತಿಗೆ ಎಷ್ಟು ಎಂದು ತೋರಿಸಲು ಅಂಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಮೈದಾ ಅಂಟಿನಿಂದ ಮೆತ್ತುತ್ತಿದ್ದ. ಜಾಣರು ಮನೆಗೆ ಹೋಗಿ ಶೀಸೆ ತೊಳೆಯುವಾಗ ಅದನ್ನು ಕೆರೆದು ಎಸೆಯುತ್ತಿದ್ದರು. ಕೈಗುಣ ನಂಬಿದವರು ಮಾತ್ರ ಮುಟ್ಟುತ್ತಿರಲಿಲ್ಲ. ಅಂಥವರ ಶೀಸೆಯ ಮೇಲೆ ಹಳೆಯ ಚೀಟಿಯ ಮೇಲೇ ಹೊಸ ಚೀಟಿ ಕೂರುತ್ತಿತ್ತು.

ಡಾಕ್ಟರ ಕಡೆಯವರು ರಿಜಿಸ್ಟರನ್ನು ಗೆದ್ದಲಿಗೆ ಕೊಟ್ಟಿರಬಹುದು. ಈ ಶೀಸೆಯ ಹೊಟ್ಟೆಯನ್ನು ಅವರು ಮರೆತಿದ್ದರು.

"ಇದೆಲ್ಲ ಯಾಕೋ ಪಂಚಾಕ್ಷರಿ?" ಎಂದ ಅಜ್ಜಯ್ಯ. "ಡಾಕ್ಟ್ರದು ಎಪ್ಪತ್ತು ದಾಟಿದ ಜೀವ. ನಿನ್ನ ಕಾಯಿಲೇಲಿ ಎರಡು ರಾತ್ರಿ ಕೂತಿದ್ದೋರು ಯಾರು ಅನ್ನೋದು ಮರೆತುಬಿಟ್ಯಾ?"

ಮರೆಯುವುದುಂಟೆ? ಇನ್‌ಫ್ಲುಯೆಂಜಾ ವರ್ಷ. ಅಜ್ಜಂಪುರದ ಬೀದಿಗಳಲ್ಲಿ ಹೆಣ ಹೊರಲು ಜನ ಸಾಲದಿದ್ದ ಕಾಲ. ಹದಿನಾರು ವರ್ಷದ ಪಂಚಾಕ್ಷರಿಯ ಮಂಚದ ಪಕ್ಕದಲ್ಲಿ, ಹೊಸದಾಗಿ ಬಂದಿದ್ದ ತೆಳ್ಳನೆಯ ಡಾಕ್ಟರು ಎರಡು ರಾತ್ರಿ ಕಣ್ಣು ಮುಚ್ಚದೆ ಕೂತಿದ್ದರು. ಆರೈಕೆಗೆ ಬಂದ ಗೆಳೆಯ ಅಜ್ಜಯ್ಯ ಕಷಾಯ ಕಾಸಿದ, ಬಟ್ಟೆ ಒದ್ದೆ ಮಾಡಿ ಹಣೆಗೆ ಹಾಕಿದ. ಅವನ ಕೈಯ ಚುರುಕು ನೋಡಿ, ನಮ್ಮ ಷಾಪಿಗೆ ಬರ್ತೀಯೇನೋ ಎಂದು ಡಾಕ್ಟರು ಕೇಳಿದ್ದು ಆ ಎರಡನೇ ರಾತ್ರಿಯೇ. ಒಬ್ಬನಿಗೆ ಜೀವ ಬಂತು, ಇನ್ನೊಬ್ಬನಿಗೆ ಜೀವನ ಸಿಕ್ಕಿತು.

ಆ ಔಷಧಿ ಷಾಪಿನ ವಾಸನೆ ಈಗಲೂ ಅವನ ಮೂಗಿನಲ್ಲಿತ್ತು. ಕಾರ್ಬಾಲಿಕ್, ಸ್ಪಿರಿಟ್ಟು, ಹಳೇ ಮರದ ಬೆಂಚು. ಹೊಟ್ಟೆನೋವು ಎಂದು ಸುಳ್ಳು ಹೇಳಿದರೆ ಸಿಗುತ್ತಿದ್ದ, ಪೆಪ್ಪರ್‌ಮಿಂಟಿನ ಘಮದ ಗುಲಾಬಿ ಬಣ್ಣದ ಔಷಧಿ. ಬುಕ್ಕಾಂಬುಧಿ ಕೆರೆಯಲ್ಲಿ ಇಬ್ಬರೂ ಈಜಿ, ಒದ್ದೆ ತಲೆಯಲ್ಲೇ ಬಂದು ಅದನ್ನು ಕದ್ದು ಕುಡಿದದ್ದೂ ಉಂಟು. ಡಾಕ್ಟರಿಗೆ ಅದು ಗೊತ್ತಿತ್ತು, ಬೈದಿರಲಿಲ್ಲ. ಆ ದಿನಗಳೆಲ್ಲ ಎಷ್ಟು ಬೇಗ ಸರಿದುಹೋದವು ಎಂದು ಪಂಚಾಕ್ಷರಪ್ಪನಿಗೆ ನಿಜವಾಗಿಯೂ ಸಂಕಟವಾಯಿತು.

"ಮರೆತಿಲ್ಲ," ಎಂದ. "ಆ ಡಾಕ್ಟ್ರು ಐದು ಸಲ ಬಂದೋಳನ್ನ ಒಂದೇ ಸಲ ಬಂದ್ಳು ಅನ್ನೋರಲ್ಲ. ಅದಕ್ಕೇ ಬಂದಿದ್ದೀನಿ."

ಅಜ್ಜಯ್ಯ ಅತ್ತ ತಿರುಗಿಕೊಂಡ.

ಒಳಗಿನಿಂದ ಅಜ್ಜಯ್ಯನ ಸೊಸೆ ಪ್ರೇಮಮ್ಮ ಕಾಫಿ ತಂದು ಇಬ್ಬರ ಪಕ್ಕಕ್ಕೂ ಒಂದೊಂದು ಲೋಟ ಇಟ್ಟಳು. "ಆರೋಗೋದ್ರೊಳಗೆ ಕುಡೀರಿ ಮಾವ," ಎಂದು ಬೋಗುಣಿಯ ಕಡೆ ವಿಚಿತ್ರವಾಗಿ ನೋಡಿ ಹೋದಳು. ಪಂಚಾಕ್ಷರಪ್ಪ ಕೈ ಚಾಚಿದ. ಬಲಗಡೆಯಿದ್ದ ಲೋಟ ಉರುಳಿ ಕಾಫಿಯೆಲ್ಲ ಜಗಲಿಯ ಪಾಲಾಯಿತು.

"ಇವತ್ತು ನನ್ನ ಗ್ರಹಚಾರವೇ ಸರಿಯಿಲ್ಲ," ಎಂದು ನಕ್ಕ. ಬರುವಾಗ ಬೀರೂರು ಸ್ಟೇಷನ್ನಿನಲ್ಲಿ ಯಾರದೋ ಟ್ರಂಕಿಗೆ ಬಡಿದುಕೊಂಡಿದ್ದ. ಈ ಜಗಲಿ ಹತ್ತುವಾಗ ಮೆಟ್ಟಿಲು ತಪ್ಪಿ, ಹೊಸ ಚಪ್ಪಲಿಗೆ ಬಾಯಿಗೆ ಬಂದಂತೆ ಬೈದಿದ್ದ. ಅಜ್ಜಯ್ಯ ನಗಲಿಲ್ಲ. ಉರುಳಿದ ಲೋಟವನ್ನೂ ಗೆಳೆಯನ ಮುಖವನ್ನೂ ಒಮ್ಮೆ ನೋಡಿದ, ಏನೋ ಹೇಳಲು ಹೋಗಿ ಸುಮ್ಮನಾದ.

ನೀರಿನಲ್ಲಿ ಮೊದಲ ಚೀಟಿ ಅಂಚು ಬಿಟ್ಟಿತು.

ಪಂಚಾಕ್ಷರಪ್ಪ ಅದನ್ನು ಎರಡು ಬೆರಳಿನಿಂದ ಎತ್ತಿ ಹಿತ್ತಾಳೆ ತಟ್ಟೆಯ ಮೇಲೆ ಹರಡಿದ. ಸೀಸದ ಕಡ್ಡಿಯ ಬರಹ, ನೀರಿಗೆ ಜಗ್ಗಿರಲಿಲ್ಲ. ನಂಬರು, ತಾರೀಕು. 8-11-58.

"ಇದು ಒಪ್ಪಿಕೊಂಡಿರೋದೇ," ಎಂದ. "ದೀಪಾವಳಿದು."

ಎರಡನೆಯದು ಬಿಟ್ಟಿತು. 16-8-58.

ಅಜ್ಜಯ್ಯ ಕಂಬಕ್ಕೆ ಒರಗಿದ.

ಮೂರನೆಯದು. 28-6-58. ನಾಲ್ಕನೆಯದು. 2-5-58. ಕೊನೆಯದು ಗಾಜಿಗೇ ಅಂಟಿಕೊಂಡಿತ್ತು, ಬಿಡಲು ಹಟ ಮಾಡಿತು. ಪಂಚಾಕ್ಷರಪ್ಪ ಅದನ್ನು ಉಗುರಿನ ತುದಿಯಿಂದ ಮೆಲ್ಲಗೆ ಎಬ್ಬಿಸಿದ. 19-3-58. ಯುಗಾದಿಯ ಹಿಂದುಮುಂದಿನ ದಿನ.

ಐದು ಚೀಟಿ. ಐದು ತಾರೀಕು. ಎಲ್ಲವೂ ಒಂದೇ ಕೈಬರಹ. ಎಂಟನ್ನು ಬರೆಯುವಾಗ ಮೇಲಿನ ಸೊನ್ನೆಯನ್ನು ಸಣ್ಣದು ಮಾಡಿ ಬಿಡುವ ಆ ಕೈಯನ್ನು ಅವನು ಸ್ಲೇಟಿನ ಕಾಲದಿಂದ ಬಲ್ಲ.

"ಯಾರ ಅಕ್ಷರ ಕಣೋ ಇದು?"

ಅಜ್ಜಯ್ಯ ತಟ್ಟೆಯ ಮೇಲೆ ಬಗ್ಗಿದ. "ನಂದೇ," ಎಂದ. "ನಂಬರು, ತಾರೀಕು ಹಾಕದೆ ಶೀಸೆ ಕೈಬಿಡಬಾರದು ಅಂತ ಡಾಕ್ಟ್ರ ಕಟ್ಟಪ್ಪಣೆ. ನಲವತ್ತು ವರ್ಷ ಒಂದಕ್ಕೂ ತಪ್ಪಿಲ್ಲ."

ಪಂಚಾಕ್ಷರಪ್ಪನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ದ್ಯಾಮಮ್ಮ ಸುಳ್ಳು ಹೇಳಿರಲಿಲ್ಲ. ಸೋಮವಾರ ತಾನು ಪ್ರಮಾಣಪತ್ರ ಬರೆದುಕೊಟ್ಟರಾಯಿತು, ಈ ಐದು ಚೀಟಿ ಈ ಶೀಸೆಯಿಂದ ಬಿಟ್ಟುಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು. ಮಿಕ್ಕಿದ್ದನ್ನು ಬಸವರಾಜಪ್ಪನವರು ನೋಡಿಕೊಳ್ಳುತ್ತಾರೆ.

ಚೀಟಿಗಳನ್ನು ಒಣಗಲೆಂದು ಒಂದೊಂದಾಗಿ ಮಗುಚಿದ. ನಾಲ್ಕರ ಹಿಂಬದಿ ಖಾಲಿ. ಮೇ ತಿಂಗಳ ಚೀಟಿಯ ಹಿಂದೆ ಮಾತ್ರ ಟೈಪು ಹೊಡೆದ ಇಂಗ್ಲಿಷ್ ಅಕ್ಷರಗಳಿದ್ದವು. ಯಾವುದೋ ಕಾಗದವನ್ನು ಅಡ್ಡಕ್ಕೆ ಕತ್ತರಿಸಿದ ಪಟ್ಟಿ ಅದು, ಮೂರು ಸಾಲು ಪೂರ್ತಿಯಾಗಿ ಉಳಿದಿದ್ದವು.

ಠಾಣೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ತಡವರಿಸುತ್ತ, ಒಂದೊಂದೇ ಮಾತನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದ. "ಎರಡೂ ಕಣ್ಣಿನ ದೃಷ್ಟಿ ಬಹುಪಾಲು ಹೋಗಿದೆ, ಮತ್ತೆ ಬರುವ ಹಾಗಿಲ್ಲ. ಇದು ಪೊರೆಯಲ್ಲ, ಕಣ್ಣಿನ ಒಳಗಿನ ಒತ್ತಡ."

"ದ್ಯಾಮಮ್ಮಂದಾ?" ಅಜ್ಜಯ್ಯ ಎದ್ದೇ ಬಿಟ್ಟ. "ಮೇ ತಿಂಗಳಲ್ಲೇ ಗೊತ್ತಿತ್ತಾ?"

ಪಂಚಾಕ್ಷರಪ್ಪ ಮೂರನೆಯ ಸಾಲಿಗೆ ಬಂದಿದ್ದ. ಮನಸ್ಸಿನಲ್ಲೇ ಓದಿ, ಮತ್ತೊಮ್ಮೆ ಓದಿದ. ಆಮೇಲೆ ದನಿ ತಗ್ಗಿಸಿ ಹೇಳಿದ.

"ಆದ್ದರಿಂದ ಡಾಕ್ಟರಾದ ತಾವು ಇನ್ನು ಮುಂದೆ ರೋಗಿಗಳನ್ನು ನೋಡುವುದನ್ನು ನಿಲ್ಲಿಸತಕ್ಕದ್ದು."

ಬೀದಿಯಲ್ಲಿ ಗಾಡಿಯೊಂದು ಹೋಯಿತು. ಪಂಚಾಕ್ಷರಪ್ಪ ಚೀಟಿಯನ್ನು ಮತ್ತೆ ತಟ್ಟೆಗಿಟ್ಟ.

"ಬೆಂಗ್ಳೂರಿನ ಯಾರೋ ಕಣ್ಣಿನ ಡಾಕ್ಟ್ರು ಬರೆದಿರಬೇಕು ಈ ಕಾಗದ," ಎಂದ ಪಂಚಾಕ್ಷರಪ್ಪ. "ನಮ್ಮ ಡಾಕ್ಟ್ರಿಗೇ ಬರೆದಿರೋದು. ಅಜ್ಜಯ್ಯ, ನಿಂಗೆ ಗೊತ್ತಿತ್ತು."

"ಈ ಕಾಗದ ನಾನು ಕಂಡಿಲ್ಲ, ಶಿವನಾಣೆ. ಚೀಟಿ ಕತ್ತರಿಸ್ತಿದ್ದೋರು ಡಾಕ್ಟ್ರೇ. ಸಂಜೆ ಹೊತ್ತು ಕೂತು, ರದ್ದಿ ಕಾಗದ ಮುಟ್ಟಿ ಮುಟ್ಟಿ ಕತ್ತರಿಸಿ ಕಟ್ಟು ಮಾಡಿ ಇಡೋರು. ಇದನ್ನ ಗೊತ್ತಿದ್ದೇ ಕತ್ತರಿಸಿದ್ರೋ, ಗೊತ್ತಾಗದೆ ಕತ್ತರಿಸಿದ್ರೋ, ನಾ ಹೇಳಲಾರೆ."

"ಕಾಗದ ಬಿಡು. ಕಣ್ಣಿನ ವಿಷಯ ಗೊತ್ತಿತ್ತು."

ಅಜ್ಜಯ್ಯ ಕೂತುಬಿಟ್ಟ. ಮುಖ ಒರೆಸಿಕೊಂಡ ಟವೆಲನ್ನು ಮುಖದಿಂದ ತೆಗೆಯಲೇ ಇಲ್ಲ. "ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಎದೆ ಬಡಿತ ಕೇಳೋದಕ್ಕೆ, ಹೊಟ್ಟೆ ಅದುಮಿ ನೋಡೋದಕ್ಕೆ ಕಣ್ಣು ಬೇಕಿಲ್ಲ. ಕಣ್ಣು ಬೇಕಾದ ಕಡೆ ನಾನಿದ್ದೆ. ಜನಕ್ಕೆ ಅವರ ಕೈ ಬೇಕಿತ್ತು ಕಣೋ. ಕಣ್ಣನ್ನ ಯಾರು ಕೇಳ್ತಿದ್ರು?"

"ದ್ಯಾಮಮ್ಮ ಬಂದಾಗ?"

"ಅವರು ರೆಪ್ಪೆ ಎತ್ತಿದ್ರು. ನಾನು ಟಾರ್ಚು ಹಿಡಿದು, ಪಾಪೆ ಮಸುಕಾಗಿದೆ ಅಂದೆ. ನನ್ನನ್ನ ಹತ್ರ ಬಗ್ಗಿಸಿಕೊಂಡು ಕಿವೀಲಿ ಕೇಳಿದ್ರು, ಬೆಳ್ಳಗಿದೆಯೋ ಹಸುರಾಗಿದೆಯೋ ಸರಿಯಾಗಿ ನೋಡಿ ಹೇಳು ಅಂತ."

"ಏನು ಹೇಳಿದೆ?"

"ನಂಗೆ ಒಂಚೂರು ಹಸುರು ಕಂಡಿತ್ತು." ಟವೆಲಿನ ಹಿಂದಿನ ದನಿ ಒಡೆಯಿತು. "ಪೊರೆ ಅಂದ್ರೆ ಬಿಳೀದು ಅಂತ ಕೇಳಿದ್ದೆ. ಹೊರಗಡೆ ಇನ್ನೂ ಮೂವತ್ತು ಜನ ಕೂತಿದ್ರು. ಬೆಳ್ಳಗೆ ಅಂದುಬಿಟ್ಟೆ. ಹಾಗಾದ್ರೆ ಹಣ್ಣಾಗಲಿ ಅಂದ್ರು. ಐದು ಸಲವೂ ಬೆಳ್ಳಗೆ ಅಂದೆ, ಮೊದಲ ಸಲ ಅಂದಿದ್ದೆನಲ್ಲ ಅಂತ. ಹಸುರು ಅಂದಿದ್ರೆ, ಇದು ಒಳಗಿನ ಒತ್ತಡ ಅಂತ ಅವತ್ತೇ ಬೆಂಗ್ಳೂರಿಗೆ ಕಳಿಸೋರು. ಆ ಹೆಂಗಸಿನ ಕಣ್ಣು ಕಳೆದದ್ದು ಅವರಲ್ಲ ಪಂಚಾಕ್ಷರಿ. ನಾನು."

ಪಂಚಾಕ್ಷರಪ್ಪ ಠಾಣೆಯಲ್ಲಿ ಎಷ್ಟೋ ತಪ್ಪೊಪ್ಪಿಗೆ ಕೇಳಿದ್ದವನು. ಈ ಸಲ ಅವನಿಗೆ ಗೆದ್ದ ಸಂತೋಷವಾಗಲಿಲ್ಲ. ಒದ್ದೆ ತಲೆಯ ಹುಡುಗನೊಬ್ಬ ಗುಲಾಬಿ ಔಷಧಿಯ ಶೀಸೆ ಹಿಡಿದು ತನಗೆ ಮೊದಲು ಕುಡಿಯಲು ಕೊಟ್ಟದ್ದು ನೆನಪಾಯಿತು.

"ಸೋಮವಾರ ಕಡೂರಿಗೆ ಬಾ," ಎಂದ. "ಇದನ್ನೇ ಹೇಳು."

"ಬತ್ತೀನಿ. ಇಷ್ಟು ದಿನ ನಿದ್ದೆ ಇಲ್ದೆ ಒದ್ದಾಡಿದ್ದು ಸಾಕು." ಅಜ್ಜಯ್ಯ ಟವೆಲು ತೆಗೆದು ನೆಟ್ಟಗೆ ಕೂತ. ಕಣ್ಣು ಕೆಂಪಾಗಿದ್ದವು, ಆದರೆ ನೋಟ ಮತ್ತೆ ಕಂಪೌಂಡರನದಾಗಿತ್ತು. ಬಹಳ ಹೊತ್ತಿನಿಂದ ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದನ್ನು ಈಗ ಕೇಳಿದ. "ಪಂಚಾಕ್ಷರಿ, ಆ ಲೋಟ ನಿಂಗೆ ಕಾಣಿಸಲಿಲ್ವೇನೋ?"

"ನಿನ್ನ ಕಡೆ ನೋಡ್ತಿದ್ದೆ."

"ಎದುರಿಗೇ ಇತ್ತು. ಒಂಚೂರು ಬಲಕ್ಕೆ."

"ಸ್ವಲ್ಪ ಮಂಜು ಮಂಜು. ವಯಸ್ಸಾಗಲಿಲ್ವೇ?" ಪಂಚಾಕ್ಷರಪ್ಪ ನಗಲು ನೋಡಿದ. "ಈ ದಾವೆ ನನ್ನ ಕೈಗೆ ಬರೋಕ್ಕೆ ಮುಂಚೆ, ಆಷಾಢದಲ್ಲಿ, ಡಾಕ್ಟ್ರಿಗೇ ತೋರಿಸಿದ್ದೆ. ಪೊರೆ, ಇನ್ನೂ ಹಣ್ಣಾಗಿಲ್ಲ, ಕಾಯಿ ಅಂದ್ರು."

ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಬೇರೆಯಾಗಿ ಕೇಳಿಸಿತು. ಇಷ್ಟು ದಿನ ದ್ಯಾಮಮ್ಮನ ಬಾಯಲ್ಲಿ ಕೇಳಿ ಕೇಳಿ ಬರೆದುಕೊಂಡ ಮಾತೇ ಅದು.

"ನಾನು ಸಂಕ್ರಾಂತಿಗೇ ಕೆಲಸ ಬಿಟ್ಟು ಬಂದೋನು," ಎಂದ ಅಜ್ಜಯ್ಯ. "ಆಷಾಢದಲ್ಲಿ ನಿನ್ನ ಕಣ್ಣಿಗೆ ಟಾರ್ಚು ಹಿಡಿದೋರು ಯಾರು?"

"ಡಾಕ್ಟ್ರೇ ಹಿಡಿದ್ರು. ಒಬ್ಬರೇ ಇದ್ರು."

"ಬೆಳಕು ಬಿತ್ತಾ?"

ಪಂಚಾಕ್ಷರಪ್ಪ ನೆನಪು ಮಾಡಿಕೊಂಡ. ಅದೇ ಬೆಂಚು, ಅದೇ ಕಾರ್ಬಾಲಿಕ್ ವಾಸನೆ. ಹಣೆಯ ಮೇಲೆ ಕೂತ, ಹದಿನಾರನೇ ವಯಸ್ಸಿನಿಂದ ಗುರುತಿದ್ದ ತಣ್ಣನೆಯ ಬೆರಳು. ಅವರ ಕೈ ಮುಟ್ಟಿದ್ದಕ್ಕೇ ಅರ್ಧ ವಾಸಿಯಾದಂತೆ ಅನ್ನಿಸಿತ್ತು.

"ಮೊದಲು ಬಲಗಣ್ಣಿಗೆ ಹಿಡಿದ್ರು. ಗುಂಡಿ ಒತ್ತಿದ ಸದ್ದು ಕೇಳಿಸ್ತು, ಟಾರ್ಚು ಹೊತ್ತಲಿಲ್ಲ. ಸೆಲ್ಲು ಹೋಗಿದೆ ಅಂತ ಅಂಥಾ ದೊಡ್ಡ ಮನುಷ್ಯರಿಗೆ ಹೇಳೋದು ಹೇಗೆ? ಸುಮ್ನಿದ್ದೆ. ಆಮೇಲೆ ಎಡಗಣ್ಣಿಗೆ ತಂದ್ರು. ಆಗ ಹೊತ್ತಿತು."

"ಮತ್ತೆ ಗುಂಡಿ ಒತ್ತಿದ್ರಾ?"

"ಇಲ್ಲ," ಎಂದ ಪಂಚಾಕ್ಷರಪ್ಪ.

ಅಜ್ಜಯ್ಯ ಹತ್ತಿರ ಬಂದು ಮಂಡಿಯೂರಿ ಕೂತ. ಗೆಳೆಯನ ಕನ್ನಡಕವನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟ. ತನ್ನ ಅಂಗೈಯನ್ನು ಅವನ ಎಡಗಣ್ಣಿನ ಮೇಲೆ, ಸಂದಿಯಿಲ್ಲದ ಹಾಗೆ ಮುಚ್ಚಿದ. ಆ ಕೈಯಲ್ಲಿ ಇನ್ನೂ ಮೈದಾ ಅಂಟಿನ ವಾಸನೆಯಿದೆ ಅನ್ನಿಸಿತು.

"ಬಲಗಣ್ಣು ಬಿಡು. ತಟ್ಟೇಲಿ ಎಷ್ಟು ಚೀಟಿ ಇದೆ, ಎಣಿಸಿ ಹೇಳು."

ಪಂಚಾಕ್ಷರಪ್ಪ ತಟ್ಟೆಯಿದ್ದ ಕಡೆಗೆ ಮುಖ ಮಾಡಿದ. ಮೊಣಕಾಲಿಗೆ ಬಿಸಿಲು ತಾಗುತ್ತಿತ್ತು. ಸೋಮವಾರ ಪ್ರಮಾಣ ಮಾಡಿ ಹೇಳಬೇಕಾಗಿದ್ದ ಐದು ಚೀಟಿಯಲ್ಲಿ ಒಂದೂ ಅವನಿಗೆ ಕಾಣಲಿಲ್ಲ. ಬಿಸಿಲೂ ಕಾಣಲಿಲ್ಲ.